ಒಂದು ಕೊಡ ನೀರಿಗೆ ಎಷ್ಟು ಕರೆಂಟು? ಬೆಂಗಳೂರಿನ ನೀರಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಗರಗಳ ನೀರು ಮತ್ತು ವಿದ್ಯುತ್ ಬಳಕೆ ನನ್ನ ಸಂಶೋಧನೆಯ ವಿಷಯ. ಮದುವೆ ಮನೆಯಲ್ಲಿ, ರೈಲಿನಲ್ಲಿ, ಉಪನ್ಯಾಸ ಮುಗಿದ ಮೇಲೆ, ಪತ್ರಗಳಲ್ಲಿ ಜನ ಕೇಳುವ ಪ್ರಶ್ನೆಗಳನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುವ ಅಭ್ಯಾಸ ನನಗಿದೆ. ಅದರಲ್ಲಿ ಮತ್ತೆ ಮತ್ತೆ ಬಂದವನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಸ್ವಲ್ಪ ಕಷ್ಟದವು. ಲೆಕ್ಕಗಳನ್ನು ಬೇಕೆಂದೇ ಬಿಡಿಸಿ ಬರೆದಿದ್ದೇನೆ. ಪೆನ್ನು ಹಿಡಿದು ನೀವೂ ಮಾಡಿ ನೋಡಬಹುದು.

## ಮೊದಲ ಪಾಠ

ನೀವು ನೀರಿನ ಇಂಜಿನಿಯರಾ, ಕರೆಂಟಿನ ಇಂಜಿನಿಯರಾ? ಎರಡಕ್ಕೂ ಏನು ಸಂಬಂಧ?

ಓದಿದ್ದು ಸಿವಿಲ್. ಆದರೆ ಬೆಂಗಳೂರಿನಲ್ಲಿ ನೀರಿನ ಬಗ್ಗೆ ಕೆಲಸ ಮಾಡುವವರು ಕರೆಂಟ್ ಮೀಟರ್ ನೋಡದೆ ಇರೋಕೆ ಆಗುವುದಿಲ್ಲ. ನೀರನ್ನು ನದಿಯಿಂದ ಎತ್ತಬೇಕು, ಶುದ್ಧ ಮಾಡಬೇಕು, ಮನೆ ಮೇಲಿನ ಟ್ಯಾಂಕಿಗೆ ಏರಿಸಬೇಕು, ಕಾಯಿಸಬೇಕು. ಬಳಸಿ ಬಿಟ್ಟ ಮೇಲೆ ಅದಕ್ಕೆ ಗಾಳಿ ಊದಿ ಮತ್ತೆ ಶುದ್ಧ ಮಾಡಬೇಕು. ಪ್ರತಿ ಹೆಜ್ಜೆಗೂ ಕರೆಂಟ್ ಬೇಕು. ಒಂದು ಸಾವಿರ ಲೀಟರ್ ನೀರು ಈ ದಾರಿಯಲ್ಲಿ ಎಲ್ಲಿ ಎಷ್ಟು ಯೂನಿಟ್ ತಿನ್ನುತ್ತದೆ, ಅದರಲ್ಲಿ ಎಷ್ಟನ್ನು ಉಳಿಸಬಹುದು ಎಂದು ಅಳೆಯುವುದೇ ನನ್ನ ಕೆಲಸ.

ಕಾವೇರಿ ನೀರು ಬೆಂಗಳೂರಿಗೆ ಬರೋಕೆ ಅಷ್ಟೊಂದು ಕರೆಂಟ್ ಯಾಕೆ?

ಊರು ಎತ್ತರದಲ್ಲಿದೆ, ನದಿ ತಗ್ಗಿನಲ್ಲಿದೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲಿದೆ. ನೀರು ಹೊರಡುವುದು ಮಳವಳ್ಳಿ ಕಡೆಯ ತೊರೆಕಾಡನಹಳ್ಳಿಯಿಂದ. ಅಲ್ಲಿಂದ ಹಾರೋಹಳ್ಳಿ, ಆಮೇಲೆ ತಾತಗುಣಿ ಹೀಗೆ ಮೂರು ಕಡೆ ಪಂಪ್ ಮಾಡಿ, ಸುಮಾರು 100 ಕಿಲೋಮೀಟರ್ ದೂರ ತಂದು, ಒಟ್ಟು 500 ಮೀಟರ್‌ನಷ್ಟು ಮೇಲೆ ಎತ್ತುತ್ತಾರೆ.

ಲೆಕ್ಕ ಹೀಗಿದೆ. ಸಾವಿರ ಲೀಟರ್ ಎಂದರೆ ಸಾವಿರ ಕೆ.ಜಿ. ಅದನ್ನು 500 ಮೀಟರ್ ಎತ್ತಲು 1.36 ಯೂನಿಟ್ ಬೇಕೇ ಬೇಕು. ಇದು ಪ್ರಕೃತಿ ಕೇಳುವ ಬೆಲೆ, ಇದರಲ್ಲಿ ಚೌಕಾಸಿ ಇಲ್ಲ. ಪಂಪು ಮತ್ತು ಮೋಟಾರಿನಲ್ಲಿ ಆಗುವ ನಷ್ಟ, ಪೈಪಿನ ಒಳಗಿನ ಘರ್ಷಣೆ ಸೇರಿಸಿದರೆ ಹತ್ತಿರ ಹತ್ತಿರ 2 ಯೂನಿಟ್ ಆಗುತ್ತದೆ. ಈ 2 ಯೂನಿಟ್ ನೆನಪಿಟ್ಟುಕೊಳ್ಳಿ, ಮುಂದೆ ತುಂಬಾ ಸಲ ಬರುತ್ತದೆ. ಕಾವೇರಿ ಯೋಜನೆಯ ಮೊದಲ ನಾಲ್ಕು ಹಂತಗಳಲ್ಲಿ ದಿನಕ್ಕೆ 145 ಕೋಟಿ ಲೀಟರ್ ಎತ್ತಿದರೆ 29 ಲಕ್ಷ ಯೂನಿಟ್. ಜಲಮಂಡಳಿಯ ಖರ್ಚಿನಲ್ಲಿ ಕರೆಂಟ್ ಬಿಲ್ಲಿನದೇ ದೊಡ್ಡ ಪಾಲು ಯಾಕೆ ಎನ್ನುವುದು ಇಲ್ಲೇ ಗೊತ್ತಾಗುತ್ತದೆ.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಶಿವನಸಮುದ್ರದಲ್ಲಿ ಕಾವೇರಿ ಧುಮುಕುವ ಜಾಗದಲ್ಲಿ 1902ರಲ್ಲಿ ವಿದ್ಯುತ್ ಉತ್ಪಾದನೆ ಶುರುವಾಯಿತು. ಆ ಕರೆಂಟ್ ಮೊದಲು ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿ ದೀಪಗಳಿಗೆ ಬಂತು. ಅಂದರೆ ಆಗ ಕಾವೇರಿ ಕೆಳಗೆ ಬಿದ್ದು ನಮಗೆ ಕರೆಂಟ್ ಕೊಟ್ಟಳು. ಈಗ ಅದೇ ಆಸುಪಾಸಿನಿಂದ ಅದೇ ನದಿಯನ್ನು ಕರೆಂಟ್ ಸುರಿದು ಮೇಲಕ್ಕೆ ಎತ್ತುತ್ತಿದ್ದೇವೆ.

ಕಾವೇರಿಗೆ ಮೊದಲು ಊರಿಗೆ ನೀರು ಎಲ್ಲಿಂದ ಬರ್ತಿತ್ತು?

ಕೆರೆ, ಬಾವಿಗಳಿಂದ. ಧರ್ಮಾಂಬುಧಿ ಕೆರೆ ಇದ್ದ ಜಾಗದಲ್ಲಿ ಇವತ್ತು ಮೆಜೆಸ್ಟಿಕ್ ಬಸ್ ನಿಲ್ದಾಣ ಇದೆ. ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ. 1896ರಲ್ಲಿ ಹೆಸರಘಟ್ಟ ಕೆರೆಯಿಂದ ಕೊಳಾಯಿ ನೀರು ಬಂತು, 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ. ಕಾವೇರಿ ಮೊದಲ ಹಂತ 1974ರದು. ಗಮನಿಸಿ, ಪ್ರತಿ ಸಲವೂ ನಾವು ಇನ್ನಷ್ಟು ದೂರಕ್ಕೆ, ಇನ್ನಷ್ಟು ತಗ್ಗಿಗೆ ಹೋಗಿದ್ದೇವೆ. ಪ್ರತಿ ಸಲವೂ ಕೊಡ ನೀರಿನ ಕರೆಂಟ್ ಖರ್ಚು ಜಾಸ್ತಿಯಾಗಿದೆ.

ಐದನೇ ಹಂತ ಬಂತಲ್ಲ, ಇನ್ನು ಚಿಂತೆ ಇಲ್ಲ ಅಲ್ವಾ?

2024ರ ಅಕ್ಟೋಬರ್‌ನಲ್ಲಿ ಕಾವೇರಿ ಯೋಜನೆಯ ಐದನೇ ಹಂತ ಉದ್ಘಾಟನೆ ಆಯಿತು. ಅದರ ಸಾಮರ್ಥ್ಯ ದಿನಕ್ಕೆ 77.5 ಕೋಟಿ ಲೀಟರ್. 2007ರಲ್ಲಿ ನಗರದೊಳಗೆ ಸೇರಿದ 110 ಹಳ್ಳಿಗಳಿಗೆ ಇದು ನಿಜವಾಗಿಯೂ ದೊಡ್ಡ ನೆಮ್ಮದಿ. ಹದಿನೇಳು ವರ್ಷ ಟ್ಯಾಂಕರ್ ಮತ್ತು ಬೋರ್‌ವೆಲ್ ನಂಬಿ ಬದುಕಿದ ಜನರಿಗೆ ನಲ್ಲಿ ನೀರು ಸಿಗುವುದನ್ನು ನಾನು ಪೂರ್ತಿ ಮನಸ್ಸಿನಿಂದ ಸ್ವಾಗತಿಸುತ್ತೇನೆ.

ಆದರೆ ಅದೇ ವರ್ಷದ ಮಾರ್ಚ್ ಮರೆಯಬಾರದು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾಗಿದ್ದವು. ಬೆಂಗಳೂರಿನ ಸುಮಾರು 14,000 ಸರ್ಕಾರಿ ಬೋರ್‌ವೆಲ್‌ಗಳಲ್ಲಿ ಹತ್ತಿರ ಹತ್ತಿರ ಅರ್ಧ ಬತ್ತಿದ್ದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಹಾಕುವಷ್ಟು ಬಿಗಿಯಾಗಿತ್ತು. ಪೈಪ್ ದೊಡ್ಡದಾದ ಮಾತ್ರಕ್ಕೆ ನದಿ ದೊಡ್ಡದಾಗುವುದಿಲ್ಲ. ಇಷ್ಟು ಎತ್ತರದ ಊರಿಗೆ ಪೈಪಿನ ಜೊತೆಗೆ ಇನ್ನೊಂದು ಮೂಲವೂ ಬೇಕು. ಆ ಮೂಲ ನಮ್ಮ ಚಾವಣಿ ಮೇಲೆ, ನಮ್ಮ ನೆಲದ ಕೆಳಗೆ, ನಮ್ಮ ಚರಂಡಿಯಲ್ಲಿ ಇದೆ.

## ಮನೆಯೊಳಗೆ

ಮನೇಲಿ ನೀರಿಗೆ ಜಾಸ್ತಿ ಕರೆಂಟ್ ಹೋಗೋದು ಮೋಟಾರ್‌ಗೇ ತಾನೇ?

ಅಲ್ಲ. ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ, ಯಾಕೆಂದರೆ ಮೋಟಾರ್ ಸದ್ದು ಮಾಡುತ್ತದೆ. ಸಂಪಿನಿಂದ ಎರಡು ಮಹಡಿ ಮೇಲಿನ ಟ್ಯಾಂಕಿಗೆ ಸಾವಿರ ಲೀಟರ್ ಏರಿಸಲು ಸುಮಾರು 0.1 ಯೂನಿಟ್ ಸಾಕು. ಗೀಸರ್ ಸದ್ದಿಲ್ಲದೆ ತಿನ್ನುತ್ತದೆ.

ಒಂದು ಚಳಿಗಾಲದ ಬೆಳಿಗ್ಗೆ ನಮ್ಮ ಬಚ್ಚಲಲ್ಲೇ ಅಳೆದೆ. ನಲ್ಲಿ ನೀರು 22 ಡಿಗ್ರಿ ಇತ್ತು. ಅಮ್ಮ ಸ್ನಾನಕ್ಕೆ ಹದ ಮಾಡಿಕೊಂಡ ಬಕೆಟ್ಟಿನಲ್ಲಿ ಥರ್ಮಾಮೀಟರ್ ಮುಳುಗಿಸಿದರೆ 40. ಇಪ್ಪತ್ತು ಲೀಟರ್ ನೀರನ್ನು 18 ಡಿಗ್ರಿ ಬಿಸಿ ಮಾಡಲು 0.42 ಯೂನಿಟ್. ಈಗ ಹೋಲಿಸಿ. ಒಬ್ಬರಿಗೆ ದಿನಕ್ಕೆ 135 ಲೀಟರ್ ಎನ್ನುವುದು ನಗರಗಳಿಗೆ ಇಟ್ಟ ಲೆಕ್ಕ. ಅಷ್ಟನ್ನೂ ತೊರೆಕಾಡನಹಳ್ಳಿಯಿಂದ ತರಲು 0.27 ಯೂನಿಟ್. ಅಂದರೆ ಒಬ್ಬರ ಇಡೀ ದಿನದ ನೀರನ್ನು ಕಾವೇರಿಯಿಂದ ಎತ್ತಿ ತರುವುದಕ್ಕಿಂತ ಆ ಒಂದು ಬಕೆಟ್ ಕಾಯಿಸಲು ಹೆಚ್ಚು ಕರೆಂಟ್ ಬೇಕು!

ಥರ್ಮಾಮೀಟರ್ ಒರೆಸುತ್ತಾ ಇದನ್ನು ಹೇಳಿದಾಗ ಅಮ್ಮ, "ಹಾಗಾದ್ರೆ ಹಂಡೆ ಒಲೆ ತೆಗೆಸಿದ್ದು ಯಾಕೆ?" ಎಂದು ಕೇಳಿದರು. ಪ್ರಶ್ನೆ ಸರಿಯಾಗಿಯೇ ಇದೆ. ಸೌದೆ ಒಲೆಯ ಹೊಗೆ ಅವರ ಕಣ್ಣಿಗೆ, ಎದೆಗೆ ಒಳ್ಳೆಯದಲ್ಲ. ಅದಕ್ಕೆ ಉತ್ತರ ಗೀಸರ್ ಅಲ್ಲ, ಬಿಸಿಲು.

ಚಾವಣಿ ಮೇಲೆ ಜಾಗ ಕಮ್ಮಿ. ಸೋಲಾರ್ ಹೀಟರ್ ಹಾಕಿಸಲೋ, ಸೋಲಾರ್ ಪ್ಯಾನೆಲ್ ಹಾಕಿಸಲೋ?

ಜಾಗ ನಿಜವಾಗಿಯೂ ಕಮ್ಮಿ ಇದ್ದರೆ ಮೊದಲು ಹೀಟರ್. 100 ಲೀಟರ್ ಹೀಟರ್‌ಗೆ 20 ಚದರಡಿಯಷ್ಟು ಗಾಜಿನ ಹಲಗೆ ಸಾಕು. ಬಿಸಿಲಿರುವ ದಿನ 100 ಲೀಟರ್ ನೀರನ್ನು 30 ಡಿಗ್ರಿ ಏರಿಸಿದರೆ ಮೂರೂವರೆ ಯೂನಿಟ್ ಕರೆಂಟಿಗೆ ಸಮ. ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ, ಆದರೆ ಹತ್ತಿರ ಹತ್ತಿರ 100 ಚದರಡಿ ಬೇಡುತ್ತದೆ. ಬಿಸಿಲನ್ನು ನೇರವಾಗಿ ಶಾಖ ಮಾಡುವುದು ಸುಲಭ, ಕರೆಂಟ್ ಮಾಡುವುದು ಕಷ್ಟ.

ಜಾಗ ಇದ್ದರೆ ಎರಡೂ ಇರಲಿ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್ ಪ್ಯಾನೆಲ್‌ಗೆ 78,000 ರೂಪಾಯಿ ಸಹಾಯಧನ ಇದೆ.

ಸೋಲಾರ್ ಹೀಟರ್ ಇದೆ, ಆದ್ರೆ ಬಿಸಿ ನೀರು ಬರೋಕೆ ಮೊದಲು ತಣ್ಣೀರು ಸುಮ್ನೆ ಬಿಡಬೇಕು. ಇದು ಉಳಿತಾಯನಾ?

ಪೈಪಿನಲ್ಲಿ ನಿಂತ ನೀರು ಅದು. ಒಂದಿಂಚಿನ ಪೈಪು ಟ್ಯಾಂಕಿನಿಂದ ಬಚ್ಚಲಿಗೆ 20 ಮೀಟರ್ ಇದ್ದರೆ ಸುಮಾರು 10 ಲೀಟರ್ ಒಳಗೇ ಇರುತ್ತದೆ. ಮುಕ್ಕಾಲಿಂಚು ಆದರೆ 6 ಲೀಟರ್. ಹೊಸ ಮನೆ ಕಟ್ಟುವವರು ಬಚ್ಚಲನ್ನು ಹೀಟರಿನ ನೇರ ಕೆಳಗೆ ಇಡಿ, ಪೈಪ್ ಸಣ್ಣದು ಹಾಕಿಸಿ, ಮೇಲೆ ಫೋಮ್ ಸುತ್ತಿಸಿ. ಕಟ್ಟಿಯಾಗಿದ್ದರೆ ಆ ತಣ್ಣೀರನ್ನು ಇನ್ನೊಂದು ಬಕೆಟ್ಟಿಗೆ ಹಿಡಿಯಿರಿ, ನೆಲ ಒರೆಸಲು ಆಯಿತು. ಮನೆಯವರೆಲ್ಲ ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡಿದರೆ ಒಂದೇ ಸಲ ಬಿಟ್ಟರೆ ಸಾಕು.

ನಮ್ಮದು 30-40 ಸೈಟು. ಮಳೆ ನೀರು ಹಿಡಿದ್ರೆ ಎಷ್ಟು ಸಿಗುತ್ತೆ?

ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಹತ್ತಿರ ಮಳೆ ಬೀಳುತ್ತದೆ. ನಿಮ್ಮ ಚಾವಣಿ 1,000 ಚದರಡಿ ಎಂದುಕೊಳ್ಳಿ. ಬೀಳುವುದು 90,000 ಲೀಟರ್. ಆವಿ, ಸೋರಿಕೆ, ಮೊದಲ ಕೊಳೆ ನೀರು ಎಲ್ಲ ಕಳೆದರೂ ಕೈಗೆ 75,000 ಲೀಟರ್ ಹತ್ತಿರ ಸಿಗುತ್ತದೆ. ನಾಲ್ಕು ಜನರ ಮನೆಗೆ ನಾಲ್ಕು ತಿಂಗಳಿಗೂ ಹೆಚ್ಚು ಆಯಿತು.

"ಅಷ್ಟನ್ನೆಲ್ಲ ಎಲ್ಲಿ ತುಂಬಿಡೋದು?" ಎಂದು ತಕ್ಷಣ ಕೇಳುತ್ತಾರೆ. ಎಲ್ಲವನ್ನೂ ಒಂದೇ ಸಲ ತುಂಬಿಡಬೇಕಿಲ್ಲ. 25 ಮಿಲಿಮೀಟರಿನ ಒಂದು ಒಳ್ಳೆ ಮಳೆ 2,000 ಲೀಟರ್ ಕೊಡುತ್ತದೆ. ಬಳಸುತ್ತೀರಿ, ಮತ್ತೆ ಮಳೆ ಬರುತ್ತದೆ. ನಮ್ಮ ಊರಿನ ಮಳೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಹಂಚಿಕೊಂಡು ಬರುವುದು ದೊಡ್ಡ ಪುಣ್ಯ. 5,000ದಿಂದ 10,000 ಲೀಟರಿನ ಸಂಪು ವರ್ಷದಲ್ಲಿ ಹತ್ತಾರು ಸಲ ತುಂಬಿ ಖಾಲಿಯಾಗುತ್ತದೆ. ಮಿಕ್ಕಿದ್ದು ಇಂಗಲಿ.

ಇದು ಬರೀ ಕಾಗದದ ಲೆಕ್ಕ ಅಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿಜ್ಞಾನಿ ಎ. ಆರ್. ಶಿವಕುಮಾರ್ 1995ರಲ್ಲಿ ಕಟ್ಟಿಸಿದ ತಮ್ಮ ಮನೆ 'ಸೌರಭ'ಕ್ಕೆ ಜಲಮಂಡಳಿಯ ಸಂಪರ್ಕವನ್ನೇ ಪಡೆಯದೆ, ಮಳೆ ನೀರಿನಲ್ಲಿ ಸಂಸಾರ ನಡೆಸಿ ತೋರಿಸಿದರು. 2009ರಲ್ಲಿ ನಗರದಲ್ಲಿ ಮಳೆ ಕೊಯ್ಲು ಕಾನೂನೇ ಆಯಿತು. ಹೇಗೆ ಮಾಡಬೇಕೆಂದು ಕಣ್ಣಾರೆ ನೋಡಬೇಕಾದರೆ ಜಯನಗರ 5ನೇ ಬ್ಲಾಕಿನಲ್ಲಿ ಸರ್ ಎಂ. ವಿಶ್ವೇಶ್ವರಯ್ಯ ಮಳೆ ಕೊಯ್ಲು ಉದ್ಯಾನ ಇದೆ. ಒಂದು ದಿನ ಮಕ್ಕಳನ್ನು ಕರೆದುಕೊಂಡು ಹೋಗಿ.

ಮಳೆ ನೀರು ಯಾವ ಪಂಪಿನ ಹಂಗೂ ಇಲ್ಲದೆ ಮೇಲಿನಿಂದ ಬರುತ್ತದೆ. 75,000 ಲೀಟರ್ ಕಾವೇರಿ ನೀರು ಎತ್ತಲು 150 ಯೂನಿಟ್ ಬೇಕಿತ್ತು.

ಮಳೆ ನೀರು ಕುಡಿಯಬಹುದಾ?

ಚಾವಣಿ ಗುಡಿಸಿ, ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಸೋಸಿ, ಕುದಿಸಿ ಕುಡಿಯಬಹುದು. ಪಾರಿವಾಳ ಜಾಸ್ತಿ ಇರುವ ಕಡೆ ಪರೀಕ್ಷೆ ಮಾಡಿಸದೆ ಬೇಡ. ಸ್ನಾನ, ಬಟ್ಟೆ, ಪಾತ್ರೆಗೆ ಇದಕ್ಕಿಂತ ಒಳ್ಳೆಯ ನೀರಿಲ್ಲ. ಗಡಸುತನ ಇಲ್ಲದ ಕಾರಣ ಸೋಪು ಬೇಗ ನೊರೆ ಬರುತ್ತದೆ.

ಆರ್.ಒ. ಫಿಲ್ಟರ್ ಬಿಡೋ ನೀರು ನೋಡಿದ್ರೆ ಹೊಟ್ಟೆ ಉರಿಯುತ್ತೆ. ಏನು ಮಾಡ್ಲಿ?

ಮೊದಲು ನಿಮಗೆ ಆರ್.ಒ. ಬೇಕಾ ನೋಡಿ. ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಭಾರತೀಯ ಮಾನಕದ ಪ್ರಕಾರ ಕುಡಿಯಲು ಒಪ್ಪುವಂಥದ್ದೇ. ಕಾವೇರಿ ನೀರು ಸಾಮಾನ್ಯವಾಗಿ ಅದಕ್ಕಿಂತ ಕೆಳಗಿರುತ್ತದೆ. ಸಾದಾ ಫಿಲ್ಟರು, ಯು.ವಿ. ಅಥವಾ ಕುದಿಸುವುದು ಸಾಕು. ಬೋರ್‌ವೆಲ್ ನೀರೇ ಗತಿ ಎನ್ನುವವರು ಆರ್.ಒ. ಇಟ್ಟುಕೊಳ್ಳಿ. ಬಿಟ್ಟ ನೀರನ್ನು ಹಿಡಿದು ಬಚ್ಚಲು ತೊಳೆಯಲು ಬಳಸಿ, ಗಿಡಕ್ಕೆ ದಿನಾ ಹಾಕಬೇಡಿ, ಮಣ್ಣು ಉಪ್ಪಾಗುತ್ತದೆ.

ನಲ್ಲಿಗೆ ಏರೇಟರ್ ಹಾಕಿಸೋದು ಬರೀ ತೋರಿಕೆ ಅಲ್ವಾ?

ಖಂಡಿತ ಅಲ್ಲ. ಏರೇಟರ್ ಎಂದರೆ ನಲ್ಲಿಯ ಬಾಯಿಗೆ ಸಿಕ್ಕಿಸುವ, ಧಾರೆಗೆ ಗಾಳಿ ಬೆರೆಸುವ ಸಣ್ಣ ಜಾಲರಿ. ಕೈ ತೊಳೆಯುವಾಗ ಬೇಕಿರುವುದು ಸಮಯ, ನೀರಲ್ಲ. ನಿಮಿಷಕ್ಕೆ ಹತ್ತು ಲೀಟರ್ ಸುರಿಯುವ ನಲ್ಲಿ ಮೂರ್ನಾಲ್ಕು ಲೀಟರಿಗೆ ಇಳಿಯುತ್ತದೆ. ಮನೆಯೊಳಗೆ ನೀರು ಉಳಿಸಲು ಇಷ್ಟು ಅಗ್ಗದ ಉಪಾಯ ಬೇರೆ ಇಲ್ಲ. ಬಕೆಟ್ ತುಂಬುವ ನಲ್ಲಿಗೆ ಮಾತ್ರ ಹಾಕಿಸಬೇಡಿ, ಅಲ್ಲಿ ಪ್ರಯೋಜನ ಇಲ್ಲ.

## ಬೀದಿ ಮತ್ತು ಅಪಾರ್ಟ್‌ಮೆಂಟ್

ಬೋರ್ ಒಣಗಿದೆ. ಇನ್ನೂ 500 ಅಡಿ ಕೊರೆಸೋಣ ಅಂತಿದ್ದೀವಿ. ಸರಿನಾ?

ದುಡುಕಬೇಡಿ. ಬೆಂಗಳೂರಿನ ಕೆಳಗಿರುವುದು ಗಟ್ಟಿ ಬಂಡೆ. ಮೇಲಿನ ಹತ್ತಾರು ಮೀಟರ್ ಶಿಥಿಲ ಪದರ ಸ್ಪಂಜಿನ ಹಾಗೆ ನೀರು ಹಿಡಿಯುತ್ತದೆ. ಅದರ ಕೆಳಗೆ ಬಿರುಕುಗಳಲ್ಲಿ ಮಾತ್ರ ನೀರು. ಆಳಕ್ಕೆ ಹೋದಷ್ಟೂ ಬಿರುಕು ಕಮ್ಮಿ, ಸಿಗುವ ನೀರು ಹಳೆಯದು, ಬೇಗ ತುಂಬುವುದಿಲ್ಲ.

ಕರೆಂಟ್ ಲೆಕ್ಕವನ್ನೂ ನೋಡಿ. ಸಾವಿರ ಅಡಿ ಆಳದಿಂದ ಸಾವಿರ ಲೀಟರ್ ಎತ್ತಲು, ಸಬ್‌ಮರ್ಸಿಬಲ್ ಪಂಪಿನ ನಷ್ಟ ಸೇರಿ, ಸುಮಾರು 2 ಯೂನಿಟ್. ಇದೇ 2 ಯೂನಿಟ್‌ನಲ್ಲಿ ಕಾವೇರಿ ನೂರು ಕಿಲೋಮೀಟರ್ ದೂರದಿಂದ ಬರುತ್ತಾಳೆ. ನಿಮ್ಮ ಮನೆ ಅಂಗಳದ ನೀರು ಕರೆಂಟಿನ ಲೆಕ್ಕದಲ್ಲಿ ಮಳವಳ್ಳಿಯಷ್ಟು ದೂರ ಹೋಗಿದೆ.

ಇಂಗು ಬಾವಿ ತೋಡಿಸಿದ್ರೆ ನಮ್ಮ ಬೋರಿಗೆ ನೀರು ಬರುತ್ತಾ?

ನಿಮ್ಮ ಬೋರಿಗೇ ಬರುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ಬಂಡೆಯ ಬಿರುಕು ಯಾವ ಕಡೆ ಹೋಗಿದೆಯೋ ನೀರು ಆ ಕಡೆ ಹೋಗುತ್ತದೆ. ಬೀದಿಯಲ್ಲಿ ಹತ್ತು ಮನೆಯವರು ತೋಡಿಸಿದರೆ ಎಲ್ಲರಿಗೂ ಸಿಗುತ್ತದೆ. ಇದು ಒಂದು ರೀತಿಯ ಚೀಟಿ ವ್ಯವಹಾರ, ನಂಬಿಕೆ ಮೇಲೆ ನಡೆಯುತ್ತದೆ.

ಬಾವಿ ತೋಡುವುದನ್ನು ಒಮ್ಮೆಯಾದರೂ ಹತ್ತಿರದಿಂದ ನೋಡಿ. ಮೂರಡಿ ಅಗಲ, ಇಪ್ಪತ್ತರಿಂದ ಮೂವತ್ತಡಿ ಆಳ. ಒಬ್ಬರು ಒಳಗೆ ಕೂತು ಗಿಡ್ಡ ಹಿಡಿಯ ಹಾರೆಯಿಂದ ಅಗೆಯುತ್ತಾರೆ, ಮೇಲಿರುವವರು ಹಗ್ಗದ ಬುಟ್ಟಿಯಲ್ಲಿ ಮಣ್ಣು ಎಳೆಯುತ್ತಾರೆ. ಆಮೇಲೆ ಸಿಮೆಂಟಿನ ಉಂಗುರಗಳನ್ನು ಒಂದರ ಮೇಲೊಂದು ಇಳಿಸುತ್ತಾರೆ. ಮಣ್ಣು ಒಡ್ಡರು ತಲೆಮಾರುಗಳಿಂದ ಮಾಡುತ್ತಾ ಬಂದ ಕೆಲಸ ಇದು. ಒಂದು ಸಲ ಹದಿನೆಂಟು ಅಡಿಯಲ್ಲಿದ್ದವರು ಒಂದು ಹಿಡಿ ಮಣ್ಣು ಮೇಲೆ ಕಳಿಸಿ, "ಹಿಸುಕಿ ನೋಡಿ ಸರ್, ಇದು ನೀರು ಕುಡಿಯೋ ಮಣ್ಣು" ಎಂದರು. ಕಂದು ಜೇಡಿಯಿಂದ ಬಿಳಿ ಮರಳಿನಂಥ ಮೊರಂಬಿಗೆ ಬದಲಾಗಿತ್ತು. ನನ್ನ ಪ್ರಯೋಗಾಲಯದ ಇಂಗುವಿಕೆ ಪರೀಕ್ಷೆ ಹೇಳಿದ್ದೂ ಅದನ್ನೇ, ಎರಡು ದಿನ ತಡವಾಗಿ. ನೀರಿನ ಬಗ್ಗೆ ಕೆಲಸ ಮಾಡುವ ಬಯೋಮ್ ಟ್ರಸ್ಟ್‌ನ ಎಸ್. ವಿಶ್ವನಾಥ್ ಮತ್ತು ಗೆಳೆಯರು ಬೆಂಗಳೂರಿಗೆ ಹತ್ತು ಲಕ್ಷ ಇಂಗು ಬಾವಿ ಬೇಕು ಎಂದು ಈ ಬಾವಿ ತೋಡುವವರ ಜೊತೆಗೇ ಅಭಿಯಾನ ನಡೆಸಿದ್ದಾರೆ. ಕಬ್ಬನ್ ಪಾರ್ಕಿನಲ್ಲಿ ಮುಚ್ಚಿಹೋಗಿದ್ದ ಹಳೆಯ ಬಾವಿಗಳಿಗೆ ಮತ್ತೆ ಜೀವ ಬಂದದ್ದೂ ಈ ಜನರ ಕೈಯಿಂದಲೇ.

ಒಂದೇ ಎಚ್ಚರಿಕೆ: ಚಾವಣಿ ನೀರು ಮಾತ್ರ ಬಿಡಿ. ಬಚ್ಚಲ ನೀರು, ರಸ್ತೆಯ ಎಣ್ಣೆ ನೀರು ಒಳಗೆ ಹೋದರೆ ಅಂತರ್ಜಲವನ್ನೇ ಕೆಡಿಸಿದ ಹಾಗೆ.

ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡುವ ಘಟಕ) ಕರೆಂಟ್ ಬಿಲ್ ಕಟ್ಟಿ ಸಾಕಾಗಿದೆ. ರಾತ್ರಿ ಹೊತ್ತು ಆಫ್ ಮಾಡಿದ್ರೆ ಆಗಲ್ವಾ?

ಈ ಪ್ರಶ್ನೆ ಎಲ್ಲಕ್ಕಿಂತ ಜಾಸ್ತಿ ಬರುತ್ತದೆ, ಅದಕ್ಕೇ ಉತ್ತರ ಉದ್ದವಾಗಿದೆ.

ಆ ಟ್ಯಾಂಕಿನೊಳಗೆ ಕೊಳೆ ತಿನ್ನುವ ಸೂಕ್ಷ್ಮಜೀವಿಗಳಿವೆ. ಅವಕ್ಕೆ ಉಸಿರಾಡಲು ಆಮ್ಲಜನಕ ಬೇಕು. ಬ್ಲೋವರ್ ಗಾಳಿ ಊದುವುದು ಅದಕ್ಕೆ. ಕರೆಂಟಿನ ಹೆಚ್ಚು ಭಾಗ ಹೋಗುವುದೂ ಅಲ್ಲೇ. ಗಂಟೆಗಟ್ಟಲೆ ಬಂದ್ ಮಾಡಿದರೆ ಒಳ್ಳೆಯ ಜೀವಿಗಳು ಸಾಯುತ್ತವೆ, ಗಾಳಿ ಬೇಡದ ಜೀವಿಗಳು ಹೆಚ್ಚುತ್ತವೆ. ಆ ಕೊಳೆತ ಮೊಟ್ಟೆಯ ವಾಸನೆ ಅವುಗಳದೇ. ಆದ್ದರಿಂದ ಪೂರ್ತಿ ಆಫ್ ಬೇಡ.

ಹಾಗಂತ ಇಡೀ ದಿನ ಪೂರ್ತಿ ವೇಗದಲ್ಲಿ ಓಡಿಸುವುದೂ ತಪ್ಪು. ಒಂದು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ರಾತ್ರಿ ಎರಡು ಗಂಟೆಗೆ ನಿಂತಿದ್ದೆ. ಒಳಗೆ ಬರುವ ಪೈಪಿನಲ್ಲಿ ಬೆರಳು ದಪ್ಪದ ಧಾರೆ ಮಾತ್ರ. ಬ್ಲೋವರ್ ಮಾತ್ರ ಬೆಳಿಗ್ಗೆ ಏಳು ಗಂಟೆಯ ಸ್ನಾನದ ಹೊತ್ತಿನ ಹಾಗೇ ಭೋರ್ಗರೆಯುತ್ತಿತ್ತು. ಆಮ್ಲಜನಕದ ಮೀಟರ್ ಇಳಿಬಿಟ್ಟರೆ 6 ತೋರಿಸಿತು. ಲೀಟರಿಗೆ 2 ಮಿಲಿಗ್ರಾಂ ಇದ್ದರೆ ಆ ಜೀವಿಗಳಿಗೆ ಬೇಕಾದಷ್ಟು. ಅಲ್ಲಿಗೆ ವೇಗ ತಗ್ಗಿಸುವ ಡ್ರೈವ್ ಹಾಕಿಸಿದೆವು. ಆ ಬಗೆಯ ಬ್ಲೋವರ್‌ನಲ್ಲಿ ವೇಗ ಎಷ್ಟು ಇಳಿದರೆ ಕರೆಂಟೂ ಸುಮಾರು ಅಷ್ಟೇ ಇಳಿಯುತ್ತದೆ. ಆಪರೇಟರ್ ಹುಡುಗ ಮೊದಲು ಹೆದರಿದ, ಆಮೇಲೆ ಮೀಟರ್ ಹಿಡಿಯಲು ತಾನೇ ಕಲಿತ. ಈಗ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗಂಟೆಗಂಟೆಗೆ ಬರೆದಿಡುತ್ತಾನೆ.

ಸಣ್ಣ ಘಟಕಗಳಲ್ಲಿ ಸಾವಿರ ಲೀಟರಿಗೆ 1ರಿಂದ 2 ಯೂನಿಟ್ ಹೋಗುವುದು ಸಾಮಾನ್ಯ. ನಗರದ ದೊಡ್ಡ ಘಟಕಗಳು ಅರ್ಧ ಯೂನಿಟ್‌ಗಿಂತ ಕಡಿಮೆಯಲ್ಲಿ ಮುಗಿಸುತ್ತವೆ. ನಿಮ್ಮದು 2 ದಾಟಿದ್ದರೆ ಯಂತ್ರ ಬದಲಿಸುವ ಮೊದಲು ಮೂರು ವಿಷಯ ನೋಡಿ: ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ನೀರಿಗೆ ಬಿಡುವ ಡಿಫ್ಯೂಸರ್ ಕಟ್ಟಿಕೊಂಡಿದೆಯಾ, ಬ್ಲೋವರ್ ಅಗತ್ಯಕ್ಕಿಂತ ದೊಡ್ಡದಾ, ಆಪರೇಟರ್‌ಗೆ ತರಬೇತಿ ಸಿಕ್ಕಿದೆಯಾ. ಮೂರನೆಯದಕ್ಕೆ ದುಡ್ಡು ಖರ್ಚು ಮಾಡಲು ಸಂಘಗಳು ಹಿಂದೆಮುಂದೆ ನೋಡುತ್ತವೆ, ಅದು ನನಗೆ ಬೇಸರ. ಒಬ್ಬ ತಿಳಿದ ಆಪರೇಟರ್ ಯಾವ ಹೊಸ ಯಂತ್ರಕ್ಕಿಂತಲೂ ಜಾಸ್ತಿ ಉಳಿಸಿ ಕೊಡುತ್ತಾನೆ.

ಟಾಯ್ಲೆಟ್ ನೀರನ್ನೇ ಮತ್ತೆ ಬಳಸೋದು ಅಂದ್ರೆ ಮನಸ್ಸು ಒಪ್ಪಲ್ಲ.

ಮನಸ್ಸಿನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಮಡಿ, ಎಂಜಲು ಎಲ್ಲ ನಮ್ಮ ಬದುಕಿನಲ್ಲಿ ಬೇರೂರಿವೆ. ಮೊದಲು ಫ್ಲಶ್‌ಗೆ, ತೋಟಕ್ಕೆ, ಕಟ್ಟಡ ಕಾಮಗಾರಿಗೆ ಬಳಸಿ. ಅಷ್ಟಕ್ಕೇ ಕುಡಿಯುವ ನೀರಿನ ದೊಡ್ಡ ಪಾಲು ಉಳಿಯುತ್ತದೆ. ನಮೀಬಿಯಾದ ವಿಂಡ್‌ಹೂಕ್ ನಗರದವರು 1968ರಿಂದ ಶುದ್ಧೀಕರಿಸಿದ ಕೊಳಚೆ ನೀರನ್ನೇ ಕುಡಿಯುವ ನೀರಿಗೆ ಸೇರಿಸುತ್ತಿದ್ದಾರೆ. ಬೆಂಗಳೂರು ನಾಳೆಯೇ ಅಲ್ಲಿಗೆ ಹೋಗಬೇಕು ಎಂದು ನಾನು ಹೇಳುತ್ತಿಲ್ಲ. ಆದರೆ ಫ್ಲಶ್‌ಗೆ ಕಾವೇರಿ ಬಳಸುವುದನ್ನು ಇವತ್ತೇ ನಿಲ್ಲಿಸಬಹುದು.

## ಊರಿನ ಮಟ್ಟದಲ್ಲಿ

ನಮ್ಮ ಕೊಳಚೆ ನೀರನ್ನು ಕೋಲಾರಕ್ಕೆ ಕಳಿಸ್ತಾರಲ್ಲ, ಅದು ನ್ಯಾಯನಾ?

ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ ದಿನಕ್ಕೆ 44 ಕೋಟಿ ಲೀಟರ್ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೆ ಎಂದು ಗುರಿ. ನೀರು ಹರಿದದ್ದು 2018ರಲ್ಲಿ. ಹೆಬ್ಬಾಳ–ನಾಗವಾರ ಕಣಿವೆಯಿಂದ ಚಿಕ್ಕಬಳ್ಳಾಪುರದ ಕಡೆಗೆ 21 ಕೋಟಿ ಲೀಟರ್. ವರ್ಷವಿಡೀ ಹರಿಯುವ ನದಿಯೇ ಇಲ್ಲದ, ಬೋರ್ ಕೊರೆದು ಕೊರೆದು ಸೋತ ಜಿಲ್ಲೆ ಕೋಲಾರ. ಅಲ್ಲಿ ಅಂತರ್ಜಲ ಮೇಲೆ ಬಂದಿರುವುದು ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಯನಗಳಲ್ಲಿ ದಾಖಲಾಗಿದೆ. ವರ್ಷಗಟ್ಟಲೆ ಬಣಗುಡುತ್ತಿದ್ದ ಕೆರೆಗಳಲ್ಲಿ ನೀರು ನಿಂತಿದೆ.

ಆದರೂ ಅಲ್ಲಿನ ರೈತರು ಕೇಳುವ ಮಾತು ಸರಿ. ಈ ನೀರು ಎರಡನೇ ಹಂತದವರೆಗೆ, ಅಂದರೆ ಸೂಕ್ಷ್ಮಜೀವಿಗಳು ಕೊಳೆ ತಿನ್ನುವವರೆಗೆ ಮಾತ್ರ ಶುದ್ಧವಾಗಿದೆ, ಉಳಿದದ್ದನ್ನೂ ಸೋಸಿ ತೆಗೆಯುವ ಮೂರನೇ ಹಂತ ಯಾಕಿಲ್ಲ? ನಾವು ನಮ್ಮ ಕೆರೆಗೆ ಬಿಡಲು ಒಪ್ಪದ ನೀರನ್ನು ಪಕ್ಕದ ಜಿಲ್ಲೆಗೆ ಕಳಿಸಬಾರದು. ಮೂರನೇ ಹಂತದ ಶುದ್ಧೀಕರಣಕ್ಕೆ ತಗಲುವ ಕರೆಂಟನ್ನು ಬೆಂಗಳೂರು ಹೊರಬೇಕು. ನನ್ನ ಲೆಕ್ಕದಲ್ಲಿ ಇದು ಬೆಂಗಳೂರಿನ ಸಾಲ.

ಕೆರೆಗಳನ್ನು ಉಳಿಸಿದ್ರೆ ಇಷ್ಟೆಲ್ಲ ಯಂತ್ರ ಬೇಕಿತ್ತಾ?

ಅರ್ಧ ಕೆಲಸ ಕೆರೆಗಳೇ ಮಾಡುತ್ತಿದ್ದವು. ಜಕ್ಕೂರು ಕೆರೆಗೆ ಹೋಗಿ ನೋಡಿ. ಪಕ್ಕದ ಘಟಕದಲ್ಲಿ ಸಂಸ್ಕರಣೆಯಾದ ನೀರು ಆಪು ಹುಲ್ಲು ಬೆಳೆದ ಜೌಗಿನ ಮೂಲಕ ಹಾದು ಕೆರೆ ಸೇರುತ್ತದೆ. ಆ ಹುಲ್ಲಿನ ಬೇರಿನ ಜೀವಿಗಳು ಉಳಿದ ಕೊಳೆ ತಿನ್ನುತ್ತವೆ. ಬ್ಲೋವರ್ ಇಲ್ಲ, ಬಿಲ್ ಇಲ್ಲ. ಅದೇ ಬೆಳ್ಳಂದೂರು ಕೆರೆಗೆ ಕೊಳಚೆ ನೇರ ನುಗ್ಗಿತು, ನೊರೆ ಎದ್ದಿತು, 2017ರಲ್ಲಿ ನೀರಿನ ಮೇಲೇ ಬೆಂಕಿ ಹೊತ್ತಿಕೊಂಡಿತು. ಕೆರೆ ಮೊದಲ ಶುದ್ಧೀಕರಣ ಘಟಕ ಆಗಲಾರದು, ಕೊನೆಯದು ಆಗಬಲ್ಲದು.

ಪೈಪಲ್ಲಿ ಸೋರಿದ ನೀರು ನೆಲಕ್ಕೇ ಹೋಗುತ್ತಲ್ಲ, ನಷ್ಟ ಏನು?

ಒಳ್ಳೆಯ ಪ್ರಶ್ನೆ, ಪೂರ್ತಿ ತಪ್ಪೂ ಅಲ್ಲ. ನಗರದ ನಡುಭಾಗದಲ್ಲಿ ಅಂತರ್ಜಲ ಕೆಲವು ಕಡೆ ಕೆಲವೇ ಮೀಟರ್ ಕೆಳಗಿದೆ, ಹೊರವಲಯದಲ್ಲಿ ಪಾತಾಳಕ್ಕಿಳಿದಿದೆ. ನಡುಭಾಗ ಹಾಗಿರಲು ಹಳೆಯ ಪೈಪುಗಳಿಂದ ಸೋರುವ ಕಾವೇರಿ ಮತ್ತು ಒಳಚರಂಡಿ ದೊಡ್ಡ ಕಾರಣ.

ನಷ್ಟ ಎರಡು. ಸೋರಿದ ಪ್ರತಿ ಸಾವಿರ ಲೀಟರ್ 2 ಯೂನಿಟ್ ತಿಂದು ಬಂದಿರುತ್ತದೆ. ದಿನಕ್ಕೆ 10 ಕೋಟಿ ಲೀಟರ್ ಸೋರಿಕೆ ನಿಲ್ಲಿಸಿದರೆ 2 ಲಕ್ಷ ಯೂನಿಟ್ ಉಳಿಯುತ್ತದೆ. ನಗರದಲ್ಲಿ ಲೆಕ್ಕಕ್ಕೆ ಸಿಗದ ನೀರು ನಾಲ್ಕನೇ ಒಂದು ಭಾಗಕ್ಕೂ ಹೆಚ್ಚು. ಎರಡನೆಯದು, ನೀರು ಹೊರಗೆ ಹೋಗುವ ತೂತಿನಿಂದಲೇ, ಪೈಪ್ ಖಾಲಿ ಇದ್ದಾಗ, ಚರಂಡಿ ಒಳಗೆ ಬರುತ್ತದೆ. ಎರಡು ದಿನಕ್ಕೊಮ್ಮೆ ನೀರು ಬಿಡುವ ಬೀದಿಗಳಲ್ಲಿ ಮೊದಲ ಬಿಂದಿಗೆ ಯಾಕೆ ವಾಸನೆ ಬರುತ್ತದೆ ಎನ್ನುವುದಕ್ಕೆ ಇದು ಉತ್ತರ.

ಸೋರಿಕೆ ಹುಡುಕಲು ಸೆನ್ಸರ್‌ಗಳು ಬಂದಿವೆ. ಆದರೂ ಒಬ್ಬ ಹಿರಿಯ ವಾಲ್ವ್‌ಮ್ಯಾನ್ ಜೊತೆ ನಡುರಾತ್ರಿ ಸುತ್ತಿದ್ದು ನಾನು ಮರೆಯಲಾರೆ. ಕಬ್ಬಿಣದ ಸರಳಿನ ಒಂದು ತುದಿ ವಾಲ್ವ್ ಮೇಲೆ, ಇನ್ನೊಂದು ತುದಿ ಕಿವಿಗೆ. ನನಗೂ ಕೊಟ್ಟರು. ಎಣ್ಣೆಯಲ್ಲಿ ಸಾಸಿವೆ ಸಿಡಿಯುವ ಮುಂಚಿನ ಸದ್ದಿನ ಹಾಗೆ ಒಂದು ಸಣ್ಣ ಸುಯ್ಯೆನ್ನುವಿಕೆ, ಅದೇ ಸೋರಿಕೆಯ ಸದ್ದು.

ಇನ್ನು ಆ ನಡುಭಾಗದ ನೀರು. ದೊಡ್ಡ ಕಟ್ಟಡಗಳು ನೆಲಮಾಳಿಗೆಗೆ ಬರುವ ನೀರನ್ನು ಎತ್ತಿ ಚರಂಡಿಗೆ ಬಿಡುತ್ತಿವೆ. ನೈಟ್ರೇಟ್ ಇರುವುದರಿಂದ ಕುಡಿಯಲು ಆಗದು. ಫ್ಲಶ್‌ಗೆ, ಎಸಿ ಕೂಲಿಂಗ್ ಟವರ್‌ಗೆ ಸಂಸ್ಕರಿಸಿ ಬಳಸಬಹುದು. ಹತ್ತೇ ಮೀಟರ್ ಎತ್ತಿದರೆ ಸಿಗುವ ನೀರನ್ನು ಚೆಲ್ಲಿ ಐನೂರು ಮೀಟರ್ ಎತ್ತಿದ ನೀರನ್ನು ಟಾಯ್ಲೆಟ್‌ಗೆ ಸುರಿಯುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ.

ಪಂಪ್‌ಗಳನ್ನೆಲ್ಲ ಸೋಲಾರ್‌ಗೆ ಬದಲಾಯಿಸಿದ್ರೆ ಸಮಸ್ಯೆ ಮುಗೀತಲ್ವಾ?

ಎಲ್ಲ ಹಂತಗಳೂ ಪೂರ್ತಿ ನಡೆದರೆ ದಿನಕ್ಕೆ 222 ಕೋಟಿ ಲೀಟರ್, ಅಂದರೆ ಸುಮಾರು 44 ಲಕ್ಷ ಯೂನಿಟ್. ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಒಂದು ದಿನಕ್ಕೆ ಕೊಡುವ ಕರೆಂಟಿನ ಹತ್ತಿರ ಹತ್ತಿರ ಅರ್ಧ! ಬರೀ ನೀರೆತ್ತಲು.

ಸೋಲಾರ್ ಬೇಕು, ಆದರೆ ಬಿಸಿಲು ಹಗಲು ಮಾತ್ರ. ಪಂಪು ಹಗಲು ರಾತ್ರಿ ಓಡುತ್ತದೆ. ಇಲ್ಲಿ ನೀರಿಗೆ ಒಂದು ಗುಣವಿದೆ, ಎತ್ತರದ ಟ್ಯಾಂಕಿನಲ್ಲಿ ತುಂಬಿಟ್ಟ ನೀರೇ ಬ್ಯಾಟರಿ. ಊರಿನಲ್ಲಿ ಸಂಗ್ರಹಾಗಾರಗಳು ಹೆಚ್ಚಿದ್ದರೆ ಬಿಸಿಲಿದ್ದಾಗ ಜಾಸ್ತಿ ಎತ್ತಿ ರಾತ್ರಿ ಕಡಿಮೆ ಎತ್ತಬಹುದು. ಆದರೆ ದೊಡ್ಡ ಪಂಪು ಮತ್ತು ಪೈಪುಗಳನ್ನು ಒಂದೇ ಸಮನೆ ಓಡಲೆಂದು ಕಟ್ಟಿರುತ್ತಾರೆ. ವೇಗ ಜಾಸ್ತಿ ಮಾಡಿದರೆ ಘರ್ಷಣೆ ವಿಪರೀತ ಏರುತ್ತದೆ. ಎಷ್ಟು ಸಂಗ್ರಹ ಕಟ್ಟಿದರೆ ಎಷ್ಟು ರಾತ್ರಿ ಪಂಪಿಂಗ್ ತಪ್ಪುತ್ತದೆ ಎನ್ನುವ ಲೆಕ್ಕದಲ್ಲಿ ನಮ್ಮ ವಿದ್ಯಾರ್ಥಿಗಳು ಈಗ ಮುಳುಗಿದ್ದಾರೆ. ಮನೆಯಲ್ಲಿ ಇದು ಸುಲಭ: ಸಂಪಿನ ಮೋಟಾರನ್ನು ಸಂಜೆ ಏಳಕ್ಕೆ ಹಾಕುವ ಬದಲು ಮಧ್ಯಾಹ್ನ ಹನ್ನೆರಡಕ್ಕೆ ಹಾಕಿ.

ಚೆನ್ನೈನವರ ಹಾಗೆ ನಾವೂ ಸಮುದ್ರದ ನೀರು ತರಬಹುದಲ್ಲ?

ಚೆನ್ನೈ ಸಮುದ್ರದ ಪಕ್ಕದಲ್ಲಿದೆ. ನೆಮ್ಮೇಲಿಯ ಘಟಕಗಳಲ್ಲಿ ಉಪ್ಪು ತೆಗೆದು ಕೊಳಾಯಿಗೆ ಬಿಡುತ್ತಾರೆ. ಉಪ್ಪು ತೆಗೆಯಲು ಸಾವಿರ ಲೀಟರಿಗೆ 3ರಿಂದ 4 ಯೂನಿಟ್. ನಮಗೆ ಅದರ ಮೇಲೆ 900 ಮೀಟರ್ ಎತ್ತಲು ಇನ್ನು 3 ಯೂನಿಟ್‌ಗೂ ಹೆಚ್ಚು, ದೂರದ ಘರ್ಷಣೆ ಬೇರೆ. ಒಟ್ಟು 7 ದಾಟುತ್ತದೆ. ನಮ್ಮದೇ ಕೊಳಚೆಯನ್ನು ಮೂರನೇ ಹಂತದವರೆಗೆ ಶುದ್ಧ ಮಾಡಲು ಇದರ ಕಾಲು ಭಾಗವೂ ಬೇಕಿಲ್ಲ.

ಮಗಳು ಇಂಜಿನಿಯರಿಂಗ್ ಓದ್ತಿದ್ದಾಳೆ. ಈ ಕೆಲಸಕ್ಕೆ ಬರಬೇಕಂದ್ರೆ ಏನು ಕಲೀಬೇಕು?

ದ್ರವಗಳ ಚಲನೆ, ಪಂಪುಗಳು, ಸ್ವಲ್ಪ ಸೂಕ್ಷ್ಮಜೀವಿ ಶಾಸ್ತ್ರ, ಸ್ವಲ್ಪ ಪ್ರೋಗ್ರಾಮಿಂಗ್. ಅದಕ್ಕಿಂತ ಮೊದಲು ಅಳೆಯುವುದನ್ನು. ನನ್ನ ಹತ್ತಿರ ಬರುವ ವಿದ್ಯಾರ್ಥಿಗಳಿಗೆ ಮೊದಲ ವಾರ ಕಂಪ್ಯೂಟರ್ ಕೊಡುವುದಿಲ್ಲ. ಒಂದು ಬಕೆಟ್, ಒಂದು ಸ್ಟಾಪ್‌ವಾಚ್, ಒಂದು ನೋಟ್‌ಬುಕ್ ಕೊಡುತ್ತೇನೆ. ಅವಳಿಗೂ ಇವತ್ತೇ ಹೇಳಿ: ಮನೆಯ ಎಲ್ಲ ನಲ್ಲಿಗಳು ನಿಮಿಷಕ್ಕೆ ಎಷ್ಟು ಲೀಟರ್ ಬಿಡುತ್ತವೆ ಬರೆಯಲಿ. ರಾತ್ರಿ ಮಲಗುವ ಮುಂಚೆ ನೀರಿನ ಮೀಟರ್ ಓದಲಿ, ಬೆಳಿಗ್ಗೆ ಯಾರೂ ನಲ್ಲಿ ತಿರುಗಿಸುವ ಮುಂಚೆ ಮತ್ತೆ ಓದಲಿ. ರಾತ್ರಿ ಸಂಪು ತುಂಬಿಸದೆ ಇದ್ದರೂ ಎರಡು ಸಂಖ್ಯೆ ಬೇರೆ ಬೇರೆ ಬಂದರೆ ಎಲ್ಲೋ ಸೋರುತ್ತಿದೆ. ಮೊದಲು ಫ್ಲಶ್ ಟ್ಯಾಂಕಿಗೆ ಒಂದು ಚಿಟಿಕೆ ಅರಿಶಿನ ಹಾಕಿ ಕಮೋಡ್‌ಗೆ ಹಳದಿ ಇಳಿಯುತ್ತದಾ ಎಂದು ನೋಡಲಿ.